ಮನೆಯ ಆಡಿಯೊ ವ್ಯವಸ್ಥೆಗೆ ಪವರ್ ಕಂಡಿಷನರ್ ಅಗತ್ಯವೇ?

ಪ್ರಶ್ನೆ: ನಾದಾಸಕ್ತ

ನನ್ನಲ್ಲಿ ಒಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಒಂದು ಡಿಎಸಿ (ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿ ಬದಲಿಸುವ ಉಪಕರಣ) ಹಾಗೂ ಒಂದು ಜೊತೆ ಸ್ಪೀಕರ್‌ಗಳಿದ್ದು, ಡೆಸ್ಕ್‌ಟಾಪ್ ಕಂಪ್ಯೂಟರ್‌ನಿಂದ ಯುಎಸ್‌ಬಿ ಕೇಬಲ್ ಮೂಲಕ ಸಂಗೀತ ಕೇಳುತ್ತೇನೆ. ಹಾಡು ನಿಂತಾಗಲೂ ಸ್ಪೀಕರ್‌ನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಲೇ ಇರುತ್ತದೆ. ಫ್ರಿಜ್ ಚಾಲೂ ಆಗುವಾಗ ಟಪ್ ಎಂದೂ ಕೇಳಿಸುತ್ತದೆ. ಎರಡಕ್ಕೂ ಪವರ್ ಕಂಡಿಷನರ್ (ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಕೂತು ವಿದ್ಯುತ್ತನ್ನು ಶುದ್ಧಗೊಳಿಸುವ ಪೆಟ್ಟಿಗೆ) ಮದ್ದೆಂದು ಕೆಲವರು ಹೇಳುತ್ತಾರೆ, ಧ್ವನಿಯೂ ತಿಳಿಯಾಗುತ್ತದಂತೆ. ಆದರೆ ಅವರು ಸೂಚಿಸಿದ ಉಪಕರಣಕ್ಕೆ ಆಂಪ್ಲಿಫೈಯರ್ ಬೆಲೆಯ ಅರ್ಧದಷ್ಟು ಕೊಡಬೇಕು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ತಂತಿವಾದಿ

ಕೊಳ್ಳುವ ಮೊದಲು ಸದ್ದು ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಿಕೊಳ್ಳಿ. ಕಂಡಿಷನರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸದ ಪೆಟ್ಟಿಗೆಗಳು ಮಾರಾಟವಾಗುತ್ತವೆ: ಕೆಲವದರಲ್ಲಿ ಸರ್ಜ್ (ವೋಲ್ಟೇಜ್‌ನ ಹಠಾತ್ ಏರಿಕೆ) ತಡೆಯುವ ವೇರಿಸ್ಟರ್ ಎಂಬ ಬಿಡಿಭಾಗ ಮತ್ತು ಗದ್ದಲ ಸೋಸುವ ಸಣ್ಣ ಫಿಲ್ಟರ್ ಮಾತ್ರ ಇರುತ್ತವೆ, ಕೆಲವದರಲ್ಲಿ ಒಳಬರುವ ಮತ್ತು ಹೊರಹೋಗುವ ತಂತಿಗಳ ನೇರ ಸಂಪರ್ಕ ತಪ್ಪಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ತೀರ ದುಬಾರಿಯವು ಎಸಿಯನ್ನು (ಪರ್ಯಾಯ ವಿದ್ಯುತ್) ಡಿಸಿಗೆ (ನೇರ ವಿದ್ಯುತ್) ಬದಲಿಸಿ ಮತ್ತೆ ಹೊಸದಾಗಿ ಎಸಿ ತಯಾರಿಸಿ ಕೊಡುತ್ತವೆ.

ಧ್ವನಿ ತಿಳಿಯಾಗುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆಂಪ್ಲಿಫೈಯರ್‌ನ ಪವರ್ ಸಪ್ಲೈ ಗೋಡೆಯ ಎಸಿಯನ್ನು ಟ್ರಾನ್ಸ್‌ಫಾರ್ಮರ್‌ನಲ್ಲಿ ಇಳಿಸಿ, ರೆಕ್ಟಿಫೈಯರ್‌ನಲ್ಲಿ ಡಿಸಿ ಮಾಡಿ, ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಟ್ಟುಕೊಂಡ ಮೇಲೆಯೇ ಅದು ಸಂಗೀತದ ಬಳಕೆಗೆ ಬರುತ್ತದೆ. ಆ ಭಾಗ ಚೆನ್ನಾಗಿದ್ದರೆ ಹೊರಗಿನ ಪೆಟ್ಟಿಗೆಗೆ ಹೆಚ್ಚು ಕೆಲಸ ಉಳಿಯುವುದಿಲ್ಲ.

ಗುಂಯ್ ಸದ್ದಿನ ವಿಷಯದಲ್ಲಿ ನನ್ನ ಅನುಮಾನ ಗ್ರೌಂಡ್ ಲೂಪ್ ಮೇಲೆ, ಅಂದರೆ ಅರ್ತಿಂಗ್ ತಂತಿಗಳೂ ಕೇಬಲ್‌ಗಳೂ ಸೇರಿ ಆಗುವ ಸುತ್ತಿನ ಮೇಲೆ. ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಮೂರು ಪಿನ್ನಿನ ಪ್ಲಗ್ ಇದ್ದು, ಅವು ಬೇರೆ ಬೇರೆ ಸಾಕೆಟ್‌ಗಳಲ್ಲಿದ್ದರೆ, ಎರಡೂ ಕಡೆಯ ಅರ್ತಿಂಗ್ ನಡುವಿನ ಅತ್ಯಲ್ಪ ವೋಲ್ಟೇಜ್ ವ್ಯತ್ಯಾಸದಿಂದಲೇ ಸಿಗ್ನಲ್ ಕೇಬಲ್‌ಗಳ ಗ್ರೌಂಡ್ ತಂತಿಯಲ್ಲಿ ಕರೆಂಟ್ ಹರಿದು, ಮೇನ್ಸ್‌ನ 50 ಅಥವಾ 60 ಹರ್ಟ್ಸ್ ಸದ್ದು ಸ್ಪೀಕರ್‌ವರೆಗೂ ಬರುತ್ತದೆ. ಸಾಮಾನ್ಯ ಫಿಲ್ಟರ್ ಇದನ್ನು ತಡೆಯಲಾರದು. ಯುಎಸ್‌ಬಿ ಕೇಬಲ್ ತೆಗೆದು ಕೇಳಿ, ಸದ್ದು ನಿಂತರೆ ಕಾರಣ ಇದೇ. ಆದರೆ ಯಾವ ಕಾರಣಕ್ಕೂ ಪ್ಲಗ್ಗಿನ ಅರ್ತಿಂಗ್ ಪಿನ್ ಕೀಳಬೇಡಿ. ಒಳಗೆ ಲೈನ್ ತಂತಿ ಲೋಹದ ಕವಚಕ್ಕೆ ತಗುಲಿದರೆ ಮುಟ್ಟಿದವರ ಜೀವಕ್ಕೇ ಅಪಾಯ.

ಉತ್ತರ: ಶ್ರುತಿಪ್ರಿಯ

ತಂತಿವಾದಿಯವರ ಮಾತು ಸರಿ, ಆದರೂ ಕಂಡಿಷನರ್ ಬರೀ ದಂಡವೆಂದು ಯಾರೂ ತಿಳಿಯಬಾರದು. ದೀಪದ ಬೆಳಕು ತಗ್ಗಿಸುವ ಡಿಮ್ಮರ್‌ಗಳು ಮತ್ತು ಕಳಪೆ ಎಲ್‌ಇಡಿ ದೀಪಗಳು ಹೊರಬಿಡುವ ಹೆಚ್ಚಿನ ಆವರ್ತನದ ಗದ್ದಲ ಟ್ರಾನ್ಸ್‌ಫಾರ್ಮರ್ ಸುರುಳಿಗಳ ನಡುವಿನ ಕೆಪಾಸಿಟೆನ್ಸ್ (ತಂತಿಗಳು ತಗುಲದಿದ್ದರೂ ಸಂಕೇತ ದಾಟಿಸುವ ಗುಣ) ಮೂಲಕ ಒಳನುಸುಳಬಲ್ಲದು. ಅಲ್ಲಿ ಫಿಲ್ಟರ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಸರ್ಜ್ ರಕ್ಷಣೆಯೂ ಬೇಕು, ಆದರೆ ಅದಕ್ಕೆ ಸಾಧಾರಣ ಬೆಲೆಯ ಸರ್ಜ್ ಪ್ರೊಟೆಕ್ಟರ್ ಸಾಕು. ಪ್ರತಿ ದೊಡ್ಡ ಸರ್ಜ್‌ಗೂ ವೇರಿಸ್ಟರ್ ಒಂದಿಷ್ಟು ಸವೆಯುವುದರಿಂದ, ರಕ್ಷಣೆ ಇದೆಯೆಂದು ತೋರಿಸುವ ದೀಪ ಆರಿದ್ದರೆ ಆ ಪ್ರೊಟೆಕ್ಟರನ್ನೇ ಬದಲಿಸಬೇಕು. ವೋಲ್ಟೇಜ್ ತುಂಬಾ ಏರಿಳಿಯುತ್ತಿದ್ದರೆ ಬೇಕಾಗುವುದು ಸ್ಟೆಬಿಲೈಸರ್, ಅದರ ಕೆಲಸವೇ ಬೇರೆ.

ಮರುಪ್ರಶ್ನೆ: ನಾದಾಸಕ್ತ

ಯುಎಸ್‌ಬಿ ಕೇಬಲ್ ತೆಗೆದ ಕೂಡಲೇ ಗುಂಯ್ ಸದ್ದು ಪೂರ್ತಿ ನಿಂತಿತು. ಕಂಪ್ಯೂಟರ್ ಇರುವುದೂ ಎದುರು ಗೋಡೆಯ ಸಾಕೆಟ್‌ನಲ್ಲಿ. ಟಪ್ ಸದ್ದು ಮಾತ್ರ ಹಾಗೆಯೇ ಇದೆ. ಮುಂದೇನು ಮಾಡಲಿ?

ಉತ್ತರ: ತಂತಿವಾದಿ

ಹಾಗಾದರೆ ಅದು ಲೂಪ್‌ನದೇ ಸದ್ದು. ಮೊದಲು ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಅದರಿಂದ ಹೋಗದಿದ್ದರೆ, ಕಂಪ್ಯೂಟರ್ ಮತ್ತು ಡಿಎಸಿ ಎರಡರಲ್ಲೂ ಆಪ್ಟಿಕಲ್ ಕಿಂಡಿ ಇದ್ದ ಪಕ್ಷದಲ್ಲಿ ಆ ಕೇಬಲ್ ಬಳಸಿ. ಅದರಲ್ಲಿ ಹೋಗುವುದು ಬೆಳಕು ಮಾತ್ರವಾದ್ದರಿಂದ ಲೂಪ್ ಅಲ್ಲಿಗೇ ಕಡಿಯುತ್ತದೆ. ಆ ಕಿಂಡಿ ಇಲ್ಲದಿದ್ದರೆ ಎರಡೂ ಕಡೆಯ ಗ್ರೌಂಡ್ ಬೇರ್ಪಡಿಸುವ ಯುಎಸ್‌ಬಿ ಐಸೋಲೇಟರ್ ಸಿಗುತ್ತದೆ. ಟಪ್ ಸದ್ದು ಫ್ರಿಜ್‌ನ ಕಂಪ್ರೆಸರನ್ನು ಚಾಲೂ ಮಾಡುವ ಸ್ವಿಚ್ಚಿನಲ್ಲಿ ಏಳುವ ಕಿಡಿಯದಿರಬಹುದು, ಅದನ್ನು ಹುಟ್ಟುವ ಕಡೆಯೇ ತಡೆಯುವುದು ಲೇಸು. ಫ್ರಿಜ್‌ನ ಆರಂಭದ ಕರೆಂಟನ್ನು ತಾಳಬಲ್ಲ ಫಿಲ್ಟರನ್ನು ಅದರ ಪ್ಲಗ್ಗಿನ ಬಳಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಆಂಪ್ಲಿಫೈಯರ್ ಮತ್ತು ಫ್ರಿಜ್ ಒಂದೇ ಸರ್ಕ್ಯೂಟ್‌ನಲ್ಲಿದ್ದರೆ, ಮೊದಲು ಅವನ್ನು ಬೇರೆ ಮಾಡಿ ನೋಡಿ.