ಗೇರ್‌ಬಾಕ್ಸ್ ಇಳಿಸೋ ಮುಂಚೆ ಏನೇನು ತಂದಿಟ್ಕೋಬೇಕು?

ಪ್ರಶ್ನೆ (ಶಿರಾ):
ಅಣ್ಣಂದಿರಿಗೆ ನಮಸ್ಕಾರ. 2013ರ ಪೆಟ್ರೋಲ್ ಕಾರು, ಐದು ಗೇರು, ಮುಂದಿನ ಚಕ್ರಕ್ಕೆ ಡ್ರೈವ್, ಕೇಬಲ್ ಕ್ಲಚ್. 3ನೇ ಗೇರಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ನ್ಯೂಟ್ರಲ್‌ಗೆ ಜಾರುತ್ತೆ. ನಿಂತಲ್ಲೇ ಎಂಜಿನ್ ಓಡ್ತಿದ್ದಾಗ ಗೊರ್ ಅಂತ ಸದ್ದು, ಕ್ಲಚ್ ಒತ್ತಿದ್ರೆ ಸದ್ದು ನಿಲ್ಲುತ್ತೆ. ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ತಂದು ಇಲ್ಲೇ ಪರಿಚಯದ ಶೆಡ್ಡಲ್ಲಿ ಹಾಕಿಸೋಣ ಅಂತಿದೀವಿ. ಅಲ್ಲಿ ಪಿಟ್ (ಕಾರಿನಡಿ ನಿಂತು ಕೆಲಸ ಮಾಡೋ ಗುಂಡಿ) ಇದೆ, ಕಾರು ಎತ್ತೋ ಲಿಫ್ಟ್ ಇಲ್ಲ. ಯಾವ ಪಾರ್ಟ್ಸು, ಯಾವ ಟೂಲ್ಸು ಮೊದಲೇ ಇರಬೇಕು?

ಉತ್ತರ (ಗ್ಯಾರೇಜ್, ತುಮಕೂರು):
ಕ್ಲಚ್ ಒತ್ತಿದಾಗ ನಿಲ್ಲೋ ಸದ್ದು ಗೇರ್‌ಬಾಕ್ಸ್ ಒಳಗಿನದು, ಬಹುತೇಕ ಇನ್‌ಪುಟ್ ಶಾಫ್ಟ್ (ಎಂಜಿನ್ ತಿರುವನ್ನ ಬಾಕ್ಸ್ ಒಳಗೆ ತರೋ ದಂಡ) ಬೇರಿಂಗ್. ಒತ್ತಿದಾಗ ಶುರುವಾಗೋದಾದ್ರೆ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಪಡಬೇಕಿತ್ತು. ಆದರೆ ಗೇರು ಜಾರೋದಕ್ಕೆ ಎಂಜಿನ್, ಬಾಕ್ಸನ್ನ ಬಾಡಿಗೆ ಹಿಡಿದಿರೋ ರಬ್ಬರ್ ಮೌಂಟ್ ಹರಿದಿರೋದು, ಗೇರ್ ಕೇಬಲ್ ಬುಷ್ ಸವೆದಿರೋದೂ ಕಾರಣ ಇರಬಹುದು. ಹಣ ಕೊಡೋ ಮುಂಚೆ ಅವೆರಡನ್ನೂ ನೋಡಿ. ಆಮೇಲೆ ಹಳೇ ಆಯಿಲ್ ಇಳಿಸಿ. ಡ್ರೈನ್ ಪ್ಲಗ್ ಮೇಲೆ ಬೂದಿಯಂಥ ನುಣುಪು ಪುಡಿ ಇದ್ದರೆ ಅದು ಮಾಮೂಲಿ ಸವೆತ. ಚೂರು, ಹಲ್ಲಿನ ತುಂಡು, ಪದರ ಎದ್ದ ಬೇರಿಂಗ್ ಚಕ್ಕೆ ಸಿಕ್ಕರೆ ಬಾಕ್ಸ್ ಬದಲಾಯಿಸೋ ನಿರ್ಧಾರ ಸರಿ. ಒಂದು ಮಾತು: ಡ್ರೈನ್ ಪ್ಲಗ್ ಬಿಚ್ಚೋಕೆ ಮುಂಚೆ ಆಯಿಲ್ ತುಂಬೋ ಲೆವೆಲ್ ಪ್ಲಗ್ ಬಿಚ್ಚುತ್ತಾ ಅಂತ ನೋಡ್ಕೊಳ್ಳಿ. ಅದು ಕಚ್ಚಿಕೊಂಡಿದ್ದು ಆಯಿಲ್ ಮಾತ್ರ ಇಳಿದಿದ್ರೆ ಗಾಡಿ ಅಲ್ಲಾಡಿಸೋ ಹಾಗಿಲ್ಲ.

ಈಗ ಬಾಕ್ಸ್ ಹೊಂದಾಣಿಕೆ. ಒಂದೇ ಹೆಸರಿನ ಕಾರಾದ್ರೂ ಪೆಟ್ರೋಲ್, ಡೀಸೆಲ್ ಬಾಕ್ಸ್ ಒಂದಕ್ಕೊಂದು ಕೂರಲ್ಲ. ವರ್ಷ ಬದಲಾದಂತೆ ಫೈನಲ್ ಡ್ರೈವ್ ರೇಷಿಯೋ (ಚಕ್ರಕ್ಕೆ ಹೋಗೋ ಕೊನೆ ಗೇರಿನ ಅನುಪಾತ), ಸ್ಪೀಡೋ ಕೇಬಲ್ಲಾ ಸೆನ್ಸರಾ ಅನ್ನೋದು, ಮೌಂಟ್ ಬ್ರಾಕೆಟ್ ಎಲ್ಲ ಬದಲಾಗಿರುತ್ತೆ. ನಿಮ್ಮ ಬಾಕ್ಸ್ ಮೇಲಿನ ನಂಬರು, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿ ಎಂಜಿನ್ನಿಗೆ ಕೂರೋ ಗಂಟೆ ಆಕಾರದ ಭಾಗ), ರಿವರ್ಸ್ ಸ್ವಿಚ್ ಕನೆಕ್ಟರ್, ಸೆನ್ಸರ್ ಜಾಗ, ಮೌಂಟ್ ತೂತುಗಳು, ಎಲ್ಲದರ ಫೋಟೋ ತೆಗೆದು ಅಂಗಡಿಗೆ ಹೋಗಿ. ಅಲ್ಲಿ ಇನ್‌ಪುಟ್ ಶಾಫ್ಟಿನ ಹಲ್ಲು ಎಣಿಸಿ. ನಿಮ್ಮ ಕ್ಲಚ್ ಪ್ಲೇಟು ಅದರ ಮೇಲೆ ಸಲೀಸಾಗಿ ಜಾರಬೇಕು. ಪ್ಲೇಟ್ ಕೈಯಲ್ಲಿ ಇಲ್ಲದಿದ್ರೆ ಹೊಸ ಸೆಟ್ ಮೊದಲು ತಗೊಂಡು ಅದನ್ನೇ ಒಯ್ದು ಹಾಕಿ ನೋಡಿ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ: ಸ್ವಲ್ಪ ಅಲುಗಿದ್ರೆ ತೊಂದರೆ ಇಲ್ಲ, ಟಕ್ ಟಕ್ ಅಂದ್ರೆ ಬೇಡ. ತಿರುಗಿಸಿದಾಗ ಕರಕರ ಅನ್ನಬಾರದು. ಐದೂ ಗೇರು, ರಿವರ್ಸು ಕೈಯಲ್ಲೇ ಬೀಳಬೇಕು. ಬೋಲ್ಟ್ ಕಿವಿಗಳಲ್ಲಿ ಬಿರುಕು, ವೆಲ್ಡಿಂಗ್ ಇದೆಯಾ ನೋಡಿ. ಬಾಕ್ಸ್ ನಂಬರ್ ಬರೆಸಿ ಬಿಲ್ ತಗೊಳ್ಳಿ. ಆರ್‌ಸಿಯಲ್ಲಿ ಎಂಜಿನ್, ಚಾಸಿಸ್ ನಂಬರ್ ಇರುತ್ತೆ, ಗೇರ್‌ಬಾಕ್ಸಿಗೆ ಆ ಬಿಲ್ಲೇ ದಾಖಲೆ.

ಪಾರ್ಟ್ಸ್ ವಿಷಯಕ್ಕೆ ಬಂದ್ರೆ, ಬಾಕ್ಸ್ ಕೆಳಗಿಳಿದಾಗ ಮಾತ್ರ ಕೈಗೆ ಸಿಗೋದು ಏನೇನಿದೆಯೋ ಅದನ್ನೆಲ್ಲ ಹೊಸದು ಹಾಕಿ. ಕ್ಲಚ್ ಪ್ಲೇಟ್, ಅದನ್ನ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಒಂದೇ ಸೆಟ್. ಕ್ರ್ಯಾಂಕಿನ ಹಿಂಬದಿ ಆಯಿಲ್ ಸೀಲ್ 1. ಇನ್‌ಪುಟ್ ಶಾಫ್ಟ್ ಸೀಲ್ 1. ಡ್ರೈವ್ ಶಾಫ್ಟ್ (ಬಾಕ್ಸಿಂದ ಚಕ್ರಕ್ಕೆ ಹೋಗೋ ದಂಡ) ಸೀಲ್ 2. ಎಡ ಬಲ ಬೇರೆ ಬೇರೆ ಇರೋ ಬಾಕ್ಸ್‌ಗಳಿವೆ, ಜೋಡಿ ಕೇಳಿ ತಗೊಳ್ಳಿ. ಒಳಗಿನ ಜಾಯಿಂಟ್ ತುದಿಯ ಸ್ನ್ಯಾಪ್ ರಿಂಗ್ 2, ಆಕ್ಸಲ್ ನಟ್ 2, ಡ್ರೈನ್ ಮತ್ತು ಲೆವೆಲ್ ಪ್ಲಗ್ ವಾಷರ್ ತಲಾ 1. ಸವೆದಿದ್ದರೆ ಕ್ಲಚ್ ಕೇಬಲ್, ಮೌಂಟ್ ರಬ್ಬರ್. ಸೀಲಿನ ಬೆಲೆ ಕಡಿಮೆ, ಆದರೆ ಅದು ಸೋರಿ ಪ್ಲೇಟಿಗೆ ಆಯಿಲ್ ಬಡಿದ್ರೆ ಕ್ಲಚ್ ಜಾರುತ್ತೆ, ಬಾಕ್ಸ್ ಇಳಿಸೋ ಅಷ್ಟೂ ಕೂಲಿ ಮತ್ತೆ ಕೊಡಬೇಕು.

ಆಯಿಲ್ 3 ಲೀಟರ್ ತಂದಿಡಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 2 ಲೀಟರ್ ಆಸುಪಾಸು ಹಿಡಿಯುತ್ತೆ. ಗ್ರೇಡು ಮ್ಯಾನುಯಲ್ ಹೇಳಿದ್ದೇ ಆಗಬೇಕು, ಹೆಚ್ಚಾಗಿ 75ಡಬ್ಲ್ಯು-80 ಅಥವಾ 75ಡಬ್ಲ್ಯು-90 (ಇದು ಆಯಿಲಿನ ದಪ್ಪ), ಜಿಎಲ್-4 (ಇದು ಗೇರ್ ಆಯಿಲಿನ ವರ್ಗ). ಡಬ್ಬಿ ಮೇಲೆ ಬರೀ ಜಿಎಲ್-5 ಇದ್ದರೆ ಬೇಡ. ಅದು ಹೈಪಾಯ್ಡ್ ಗೇರಿಗೆ (ಹಿಂದಿನ ಚಕ್ರಕ್ಕೆ ಡ್ರೈವ್ ಇರೋ ಗಾಡಿಗಳ ಆಕ್ಸಲ್ ಗೇರು) ಮಾಡಿದ್ದು. ಅದರ ಗಂಧಕದ ಅಡಿಟಿವ್ ಹಿತ್ತಾಳೆ ಸಿಂಕ್ರೊ ರಿಂಗಿಗೆ (ಗೇರು ಬೀಳುವಾಗ ವೇಗ ಹೊಂದಿಸೋ ಉಂಗುರ) ಒಳ್ಳೇದಲ್ಲ, ಜಾರುವ ಗುಣ ಜಾಸ್ತಿಯಾಗಿ ಗೇರು ಕಿರ್ ಅನ್ನುತ್ತೆ.

ಮರುಪ್ರಶ್ನೆ (ಶಿರಾ):
ಅಣ್ಣ, ಟೂಲ್ಸ್ ಹೇಳಿ. ಪಿಟ್ ಮೇಲೇ ಇಳಿಸಬಹುದಾ?

ಉತ್ತರ (ಗ್ಯಾರೇಜ್, ತುಮಕೂರು):
ಪಿಟ್ ಮೇಲೆ ಬೇಡ. ಬೋಲ್ಟ್ ಸಡಿಲ ಮಾಡೋಕೆ ಅನುಕೂಲ, ಆದರೆ ಬಾಕ್ಸ್ ಹೊತ್ತ ಟ್ರಾಲಿ ಜಾಕ್ ಪಿಟ್ ದಾಟಿ ಉರುಳಲ್ಲ. ಸಣ್ಣ ಕಾರಿನ ಬಾಕ್ಸೂ 30 ಕೆಜಿ ಆಸುಪಾಸು ತೂಗುತ್ತೆ, ಎದೆ ಮೇಲೆ ಇಳಿಸ್ಕೊಳ್ಳೋ ಸಾಮಾನಲ್ಲ. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಮುಂಭಾಗ ಎತ್ತಿ ಎರಡು ಗಟ್ಟಿ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು. ಎಷ್ಟು ಎತ್ತಬೇಕು? ತಗ್ಗಿಸಿದ ಜಾಕಿನ ಎತ್ತರಕ್ಕೆ ಬೆಲ್ ಹೌಸಿಂಗ್ ಎತ್ತರ ಕೂಡಿಸಿ ಅಳೆಯಿರಿ. ಅಷ್ಟು ಸಂದು ಬಂಪರ್ ಕೆಳಗೆ ಇಲ್ಲದಿದ್ರೆ ಬಿಚ್ಚಿದ ಬಾಕ್ಸ್ ಕಾರಿನಡಿಯಲ್ಲೇ ಸಿಕ್ಕಿಕೊಳ್ಳುತ್ತೆ.

ಎಂಜಿನ್ ಹಿಡಿಯೋಕೆ ಮೇಲಿಂದ ಸಪೋರ್ಟ್ ಬಾರ್ ಅಥವಾ ಚೈನ್ ಪುಲ್ಲಿ. ಆಯಿಲ್ ಸಂಪ್ (ಎಂಜಿನ್ ತಳದ ಎಣ್ಣೆ ತಟ್ಟೆ) ಕೆಳಗೆ ಬರೀ ಜಾಕ್ ಕೊಟ್ಟರೆ ತಗಡು ಒಳಕ್ಕೆ ಹೋಗುತ್ತೆ. 10, 12, 14, 17, 19ರ ಸಾಕೆಟ್, ಉದ್ದನೆ ಎಕ್ಸ್‌ಟೆನ್ಷನ್, ಆಕ್ಸಲ್ ನಟ್ಟಿಗೆ ದಪ್ಪ ಸಾಕೆಟ್ (30 ಅಥವಾ 32 ಇರಬಹುದು, ಅಳೆದು ತನ್ನಿ), ಉದ್ದ ಟಾಮಿ (ಸಾಕೆಟ್ ತಿರುಗಿಸೋ ಸರಳು), ಬಾಲ್ ಜಾಯಿಂಟ್ ಪುಲ್ಲರ್, ಎರಡು ಚಪ್ಪಟೆ ಲಿವರ್, ಟಾರ್ಕ್ ರೆಂಚ್ (ಬೋಲ್ಟಿನ ಬಿಗಿ ಅಳೆಯೋ ಪಾನಾ), ಕ್ಲಚ್ ಸೆಂಟರಿಂಗ್ ಟೂಲ್ (ಪ್ಲೇಟನ್ನ ನಡುವಿಗೆ ಕೂರಿಸೋದು). ಆಕ್ಸಲ್ ನಟ್ಟನ್ನ ಚಕ್ರ ನೆಲದ ಮೇಲಿದ್ದು ಒಬ್ಬರು ಬ್ರೇಕ್ ಒತ್ತಿರುವಾಗಲೇ ಸಡಿಲ ಮಾಡಿ. ಎತ್ತಿದ ಮೇಲೆ ಅದರ ಜೊತೆ ಗುದ್ದಾಡಬೇಡಿ, ಸ್ಟ್ಯಾಂಡ್ ಜಾರುತ್ತೆ.

ಇನ್ನೊಬ್ಬರ ಉತ್ತರ (ಸ್ಪೇರ್ಸ್ ಅಂಗಡಿ, ತಿಪಟೂರು):
ಅಣ್ಣ ಹೇಳಿದ ಪಟ್ಟಿಗೆ ಎರಡು ಡೋವೆಲ್ ಸೇರಿಸ್ಕೊಳ್ಳಿ. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಇರೋ ಟೊಳ್ಳು ಪಿನ್ನುಗಳು, ಬೆರಳುಂಗುರದಷ್ಟೇ ಸಾಮಾನು. ಹಳೇ ಬಾಕ್ಸಲ್ಲೇ ಕಚ್ಚಿಕೊಂಡು ಹೋಗಿಬಿಡುತ್ತವೆ, ಯಾರೂ ಗಮನಿಸಲ್ಲ. ಅವಿಲ್ಲದೆ ಕೂರಿಸಿದ್ರೆ ಬೋಲ್ಟ್ ಬಿಗಿಯಾಗುತ್ತೆ, ಆದರೆ ಶಾಫ್ಟಿನ ಸೆಂಟರ್ ತಪ್ಪುತ್ತೆ. ಕ್ಲಚ್ ಬಿಡುವಾಗ ನಡುಕ, ಸ್ವಲ್ಪ ದಿನಕ್ಕೆ ಇನ್‌ಪುಟ್ ಬೇರಿಂಗ್ ಮತ್ತೆ ಸದ್ದು.

ಇನ್ನೊಂದು, ಶಿರಾದಿಂದ ಸ್ಪೇರ್ಸ್ ಅಂಗಡಿಗಳಿರೋ ಬೆಂಗಳೂರು ಜೆ.ಸಿ. ರಸ್ತೆಗೆ 120 ಕಿಮೀ ಆಸುಪಾಸು. ಒಂದು ಸೀಲ್ ಮರೆತರೆ ಆ ದಿನ ಹೋಯ್ತು. ಭಾನುವಾರ ಅಲ್ಲಿ ಬಹುತೇಕ ಅಂಗಡಿ ತೆಗೆಯಲ್ಲ, ಹಾಗಾಗಿ ಶನಿವಾರ ಸಂಜೆ ಗಾಡಿ ಬಿಚ್ಚಬೇಡಿ. ಫ್ಲೈವೀಲ್ (ಕ್ಲಚ್ ಕೂರೋ ಎಂಜಿನ್ನಿನ ಭಾರದ ಚಕ್ರ) ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಕಂಡರೆ ಲೇತ್‌ಗೆ ಕೊಡಬೇಕಾಗುತ್ತೆ, ಆಳ ಬಿರುಕಾದ್ರೆ ಹೊಸದೇ. ಯಾವ ಲೇತಲ್ಲಿ ಫೇಸಿಂಗ್ (ಮುಖ ಸಮ ಮಾಡೋದು) ಮಾಡ್ತಾರೆ ಅಂತ ಮೊದಲೇ ಕೇಳಿಟ್ಟಿರಿ.

ಮರುಪ್ರಶ್ನೆ (ಶಿರಾ):
ಕೂರಿಸುವಾಗ ಎಲ್ಲಿ ಕೆಡುತ್ತೆ?

ಉತ್ತರ (ಗ್ಯಾರೇಜ್, ತುಮಕೂರು):
ಕೊನೆಯ ಒಂದು ಬೆರಳು ಸಂದಿನಲ್ಲಿ. ಬಾಕ್ಸ್ ಪೂರ್ತಿ ಹೋಗದೆ ನಿಂತಾಗ ಬೋಲ್ಟ್ ಹಾಕಿ ಎಳೆದುಬಿಡ್ತಾರೆ, ಅಲ್ಯೂಮಿನಿಯಂ ಕಿವಿ ಒಡೆಯುತ್ತೆ, ಇಲ್ಲಾ ಪ್ಲೇಟಿನ ಹಬ್ ಸೊಟ್ಟ ಆಗುತ್ತೆ. ಬೋಲ್ಟ್ ಇಲ್ಲದೆ ಕೈಯಲ್ಲೇ ಎರಡೂ ಮುಖ ಕೂಡಬೇಕು. ಕೂಡದಿದ್ರೆ ಪ್ಲೇಟ್ ಸೆಂಟರ್ ಇಲ್ಲ, ಅಥವಾ ವೈರ್ ಸಿಕ್ಕಿಕೊಂಡಿದೆ, ಅಥವಾ ಹಲ್ಲಿಗೆ ಹಲ್ಲು ಅಡ್ಡ ನಿಂತಿದೆ. ಟಾಪ್ ಗೇರ್ ಹಾಕಿ, ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ತಿರುವು ಹಂಚೋ ಭಾಗ) ಕಡೆಯಿಂದ ಶಾಫ್ಟ್ ಸ್ವಲ್ಪ ತಿರುಗಿಸಿ, ಬಾಕ್ಸನ್ನ ಎಂಜಿನ್ ಮುಖಕ್ಕೆ ಸಮವಾಗಿ ಹಿಡಿದು ತಳ್ಳಿ. ಬಾಕ್ಸಿನ ಭಾರ ಒಂದು ಕ್ಷಣವೂ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಬಾರದು.

ಹೊಸ ಪ್ರೆಶರ್ ಪ್ಲೇಟಿನ ಮೇಲೆ ತುಕ್ಕು ಹಿಡಿಯದಂತೆ ಸವರಿರೋ ಎಣ್ಣೆಯನ್ನ ಬ್ರೇಕ್ ಕ್ಲೀನರಲ್ಲಿ ಒರೆಸಿ. ಅದರ 8 ಎಂಎಂ ಬೋಲ್ಟುಗಳನ್ನ ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಕೊನೆಗೆ 20ರಿಂದ 25 ನ್ಯೂಟನ್ ಮೀಟರ್. ಶಾಫ್ಟ್ ಹಲ್ಲಿಗೆ ಗ್ರೀಸ್ ತೆಳುವಾಗಿ ಸವರಿ ಮಿಕ್ಕಿದ್ದು ಒರೆಸಿ, ಜಾಸ್ತಿಯಾದ್ರೆ ಪ್ಲೇಟಿಗೆ ಸಿಡಿಯುತ್ತೆ. ಡ್ರೈವ್ ಶಾಫ್ಟ್ ಬಿಚ್ಚುವಾಗ ಶಾಫ್ಟ್ ಹಿಡಿದು ಎಳೆಯಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತೆ. ಜಾಯಿಂಟ್ ಕಪ್ ಹತ್ತಿರ ಲಿವರ್ ಕೊಡಿ. ಎರಡೂ ಕಡೆ ಶಾಫ್ಟ್ ತೆಗೆದ ಮೇಲೆ ಕೆಲವು ಬಾಕ್ಸಲ್ಲಿ ಡಿಫರೆನ್ಷಿಯಲ್ಲಿನ ಸೈಡ್ ಗೇರ್ (ಶಾಫ್ಟ್ ತುದಿ ಕೂರೋ ಗೇರು) ಒಳಗೆ ಜಾರುತ್ತೆ, ಅದೇ ಅಳತೆಯ ಮರದ ಗೂಟ ಹಾಕಿಡಿ. ಗಾಡಿ ಸಮತಟ್ಟಾಗಿ ನಿಂತಾಗ ಲೆವೆಲ್ ತೂತಿಂದ ಆಯಿಲ್ ಹೊರಗೆ ತೊಟ್ಟಿಕ್ಕುವವರೆಗೆ ತುಂಬಿ. ಮುಂಭಾಗ ಎತ್ತಿದ್ದಾಗಲೇ ತುಂಬಿದ್ರೆ ಲೆವೆಲ್ ತಪ್ಪಾಗಿ ಕಾಣುತ್ತೆ.