ಫೋನ್ ಬೆನ್ನು ಉಬ್ಬಿದೆ, ರಾತ್ರಿ ಚಾರ್ಜಿಗೆ ಹಾಕಿದ್ದೇ ತಪ್ಪಾ?

ಮಲ್ಪೆ ಬಂಗುಡೆ:
ಮಂಡೆಬಿಸಿ ಆಗಿದೆ ಮಾರಾಯ್ರೆ. ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ಲೆಕ್ಕ ಬರೆಯುವವ ನಾನು. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಅಲಾರಂ ಕೇಳಲಿ ಅಂತ ಫೋನ್ ಚಾರ್ಜಿಗೆ ಹಾಕಿ ದಿಂಬಿನ ಅಡಿಯಲ್ಲೇ ಇಡುತ್ತೇನೆ. ಮಧ್ಯಾಹ್ನ ಟೆಂಪೋದಲ್ಲಿ ಮಂಗಳೂರಿಂದ ವಾಪಸ್ ಬರುವಾಗ ಎದುರು ಗಾಜಿನ ಹತ್ತಿರ, ಬಿಸಿಲಿಗೆ. ಅಲ್ಲೂ ಚಾರ್ಜಿಗೆ. ಎರಡೇ ವರ್ಷದ ಫೋನ್. ಮೊನ್ನೆ ನೋಡಿದರೆ ಹಿಂದಿನ ಮುಚ್ಚಳ, ಕಾವಲಿಯಲ್ಲಿ ನೀರುದೋಸೆ ಅಂಚು ಬಿಟ್ಟ ಹಾಗೆ, ಎದ್ದಿದೆ! ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕಿತ್ತು ಅಂತಾರೆ ಅಪ್ಪ. ಹೌದಾ?

ಕಂಕನಾಡಿ ರಿಪೇರಿ:
ಮೊದಲು ಅದನ್ನು ಆಫ್ ಮಾಡಿ. ಇನ್ನು ಚಾರ್ಜಿಗೆ ಹಾಕಬೇಡಿ, ಮುಚ್ಚಳ ಒತ್ತಿ ಕೂರಿಸಲೂ ಹೋಗಬೇಡಿ. ಪಿನ್ನಿನಲ್ಲಿ ಚುಚ್ಚಿ ಗಾಳಿ ತೆಗೆಯಲು ಹೊರಟವರು ನನ್ನ ಅಂಗಡಿಗೂ ಬಂದಿದ್ದಾರೆ. ಬೆಂಕಿ ಹತ್ತುತ್ತದೆ, ತಮಾಷೆ ಅಲ್ಲ.

ಅಪ್ಪ ಹೇಳಿದ್ದು ಹಳೆಯ ನಿಕ್ಕೆಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಈಗಿನ ಫೋನಿನ ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿಯಾದರೇ ಪೆಟ್ಟು. ಚಾರ್ಜ್ ಶೇಕಡಾ 20-30ಕ್ಕೆ ಇಳಿದಾಗ ಹಾಕಿ, 80ರ ಹತ್ತಿರ ತೆಗೆಯಿರಿ. ಆಗಾಗ ಸ್ವಲ್ಪ ಸ್ವಲ್ಪ ಹಾಕಿದರೂ ತೊಂದರೆ ಇಲ್ಲ. 50ರಂತೆ ಎರಡು ಸಲ ಹಾಕಿದರೆ ಒಂದೇ ಸೈಕಲ್, ಅಂದರೆ ಒಂದು ಪೂರ್ತಿ ಚಾರ್ಜಿನ ಲೆಕ್ಕ.

ರಾತ್ರಿ ಹಾಕಿದ್ದು ಅಷ್ಟು ದೊಡ್ಡ ತಪ್ಪಲ್ಲ. ತುಂಬಿದ ಮೇಲೆ ಫೋನೇ ಕರೆಂಟ್ ತಡೆಯುತ್ತದೆ. ಆದರೆ ಬ್ಯಾಟರಿ 4.2 ವೋಲ್ಟ್ ಅಥವಾ ಇನ್ನೂ ಸ್ವಲ್ಪ ಜಾಸ್ತಿಯಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಅದರ ಮೇಲೆ ದಿಂಬಿನ ಸೆಕೆ. ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತದೆ, ಉಬ್ಬುವುದು ಅದರಿಂದಲೇ. ನನ್ನ ಅನುಮಾನ ದಿಂಬಿಗಿಂತ ಟೆಂಪೋದ ಮೇಲೆ ಜಾಸ್ತಿ. ಮೇ ತಿಂಗಳ ಬಿಸಿಲು, ಮುಚ್ಚಿದ ಗಾಜು, ಮೇಲಿಂದ ಚಾರ್ಜ್ ಬೇರೆ!

ಕಾರ್ಕಳದ ಅಕ್ಕ:
80ಕ್ಕೆ ನಿಲ್ಲಿಸುವುದೆಲ್ಲ ಪೇಟೆಯವರಿಗೆ ಸರಿ. ಆಟಿ ತಿಂಗಳ ಜೋರು ಮಳೆಗೆ ನಮ್ಮಲ್ಲಿ ಕರೆಂಟ್ ಹೋದರೆ ಮರುದಿನ ಸಂಜೆ ಬರುತ್ತದೆ. ಆಗ ಎಂತ ಮಾಡುವುದು?

ಕಂಕನಾಡಿ ರಿಪೇರಿ:
ಅಂಥ ದಿನ ಧೈರ್ಯವಾಗಿ 100 ಮಾಡಿ ಅಕ್ಕ. ತುಂಬಿಸಿ ಬಳಸಿದರೆ ಏನಾಗುವುದಿಲ್ಲ, ತುಂಬಿಸಿ ಸುಮ್ನೆ ಇಟ್ಟರೆ ಕೆಡುತ್ತದೆ. ಪವರ್ ಬ್ಯಾಂಕ್ ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡುವುದಾದರೆ ಅರ್ಧ ಚಾರ್ಜ್ ಸಾಕು.

ಮಲ್ಪೆ ಬಂಗುಡೆ:
ಬ್ಯಾಟರಿ ಬದಲಿಸಿದೆ, ಹಳೆಯದನ್ನು ಕಸಕ್ಕೆ ಹಾಕದೆ ಅಂಗಡಿಯಲ್ಲೇ ಬಿಟ್ಟೆ. ಟೆಂಪೋದಲ್ಲಿ ಫೋನ್ ಈಗ ಸೀಟಿನ ಕೆಳಗೆ, ನೆರಳಲ್ಲಿ. ರಾತ್ರಿ ಚಾವಡಿಯ ಸ್ಟೂಲಿನ ಮೇಲೆ. ನಾಲ್ಕಕ್ಕೆ ಅಲಾರಂ ಹೊಡೆದರೆ ನನಗಿಂತ ಮೊದಲು ಹೆಂಡತಿಗೆ ಎಚ್ಚರ. ಆ ಬೈಗುಳಕ್ಕೆ ನಿಮ್ಮ ಅಂಗಡಿಯಲ್ಲಿ ರಿಪೇರಿ ಉಂಟಾ?