ತಿರುವಿನ ಕಸದ ರಾಶಿ: ದುಡ್ಡು ಸುರಿಯದೆ ಕರಗಿಸುವುದು ಹೇಗೆ?

ಮನೆ 14
ತಿರುವಿನ ಕಸದ ರಾಶಿಯ ಫೋಟೊಗಳನ್ನು ನಮ್ಮ ಬಡಾವಣೆಯ ಈ ಗುಂಪಿಗೆ ಹಾಕುವುದನ್ನು ಇನ್ನಾದರೂ ನಿಲ್ಲಿಸೋಣ. ಎಲ್ಲರೂ ನೋಡಿದ್ದಾಯಿತು, ಮೂಗು ಮುಚ್ಚಿಕೊಂಡಿದ್ದಾಯಿತು. ಕಸದ ಲಾರಿ ವಾರಕ್ಕೆ ಇನ್ನೊಂದು ಸಲ ಬರಲಿ ಎಂದು ಅರ್ಜಿ ಕೊಡುವವರು ಕೊಡಲಿ, ನಾನೂ ಸಹಿ ಹಾಕುತ್ತೇನೆ. ಆದರೆ ಆ ರಾಶಿಯಲ್ಲಿ ಇರುವುದೇನು ಎಂದು ಯಾರಾದರೂ ನೋಡಿದ್ದೀರಾ?

ಮನೆ 9ರವರೂ ನಾನೂ ಕೈಗವಸು ತೊಟ್ಟು ಒಂದು ಚೀಲವನ್ನು ಬಿಚ್ಚಿ ಹಳೆಯ ಟಾರ್ಪಾಲಿನ ಮೇಲೆ ಸುರಿದೆವು. ತೂಕದಲ್ಲಿ ಬಹುಪಾಲು ಹಸಿ ಕಸ: ತರಕಾರಿ ಸಿಪ್ಪೆ, ಬಾಡಿದ ಸೊಪ್ಪು, ತಟ್ಟೆಯಲ್ಲಿ ಬಿಟ್ಟದ್ದು. ಅದರ ನೀರು ಇಳಿದು ಕೆಳಗಿದ್ದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ನೆನೆಸಿತ್ತು. ಯಾರೋ ಪುಣ್ಯಾತ್ಮರು ಒಪ್ಪವಾಗಿ ಮಡಚಿಟ್ಟಿದ್ದ ಪೆಟ್ಟಿಗೆ, ಎರಡು ಬೆರಳಲ್ಲಿ ಎತ್ತಿದರೆ ಪದರ ಪದರವಾಗಿ ಬಿಟ್ಟುಕೊಂಡು ಬಂತು. ಇನ್ನು ಅದನ್ನು ಯಾವ ರದ್ದಿ ಅಂಗಡಿಯೂ ತೆಗೆದುಕೊಳ್ಳುವುದಿಲ್ಲ. ಸೀಲ್ ಒಡೆಯದ ಪೊಟ್ಟಣಗಳೂ ಇದ್ದವು. ಯಾರ ಮನೆಯದು ಎಂದು ಹೇಳುವುದಿಲ್ಲ, ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ.

ನನ್ನ ವಾದ ಇಷ್ಟೇ. ನಾರುವುದು ಹಸಿ ಕಸ. ನಾಯಿಗಳು ಚೀಲ ಹರಿಯುವುದು ಅದಕ್ಕಾಗಿ. ಕಾಗದ, ರಟ್ಟು ಕೆಡುವುದೂ ಅದರಿಂದಲೇ. ಅದೊಂದು ಮನೆಯಲ್ಲೇ ಉಳಿದರೆ ಮಿಕ್ಕಿದ ಒಣ ಕಸ ಹದಿನೈದು ದಿನ ಮೂಲೆಯಲ್ಲಿ ಕುಳಿತರೂ ಯಾರಿಗೂ ತೊಂದರೆಯಿಲ್ಲ.

ಮನೆ 3
ಒಪ್ಪಿದೆ. ಅದಕ್ಕೇ ಹೇಳುತ್ತಿರುವುದು, ಎಲ್ಲರೂ ಹಣ ಹಾಕಿ ವಿದ್ಯುತ್ ಗೊಬ್ಬರ ಯಂತ್ರವೊಂದನ್ನು ತರಿಸೋಣ. ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ ಕೈಗೆ ಬರುತ್ತದಂತೆ. ಕರಪತ್ರ ನನ್ನ ಬಳಿ ಇದೆ.

ಮನೆ 14
ಆ ಕರಪತ್ರವನ್ನು ನಾನೂ ಓದಿದೆ. ಒಂದು ದಿನದಲ್ಲಿ ಗೊಬ್ಬರವಾಗುವುದಿಲ್ಲ. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಮಾಡುವುದು ಕಸವನ್ನು ಬಿಸಿ ಮಾಡಿ ನೀರು ಆರಿಸಿ ಪುಡಿ ಮಾಡುವ ಕೆಲಸ. ಗಾತ್ರ ಕುಗ್ಗುತ್ತದೆ, ನಿಜ. ಆದರೆ ಆ ಪುಡಿಗೆ ನೀರು ತಾಗಿದರೆ ಮತ್ತೆ ಬೂಷ್ಟು ಹಿಡಿದು ಕೊಳೆಯಲು ಶುರುವಾಗುತ್ತದೆ, ಏಕೆಂದರೆ ಕೊಳೆಯಬೇಕಾದದ್ದು ಇನ್ನೂ ಕೊಳೆತೇ ಇಲ್ಲ. ಹಸಿ ಕಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಆ ನೀರನ್ನು ಆವಿಯಾಗಿಸಲು ಪ್ರತಿದಿನ ವಿದ್ಯುತ್ ಬಿಲ್ ಕಟ್ಟುವುದು ಯಾವ ಉಳಿತಾಯ?

ಇತ್ತ ಬಡಾವಣೆಯ ಉದ್ಯಾನದಲ್ಲಿ ತರಗೆಲೆಗಳನ್ನು ಗುಡಿಸಿ ಸುಡುತ್ತಿದ್ದೇವೆ. ಹಸಿ ಕಸ ಗೊಬ್ಬರವಾಗಲು ಬೇಕಾದ ಜೋಡಿ ಅದು. ಒಂದನ್ನು ಲಾರಿಗೆ ಕೊಟ್ಟು ಇನ್ನೊಂದಕ್ಕೆ ಬೆಂಕಿ ಹಚ್ಚಿ, ಆಮೇಲೆ ಯಂತ್ರ ಕೊಳ್ಳಲು ಚಂದಾ ಎತ್ತುವುದು ನನಗೆ ಅರ್ಥವಾಗುವುದಿಲ್ಲ.

ಮನೆ 22
ಕೈತೋಟ, ಅಂಗಳ ಇರುವವರಿಗೆ ಸರಿ. ನಾವು ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇರುವವರು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ನಿಲ್ಲುವುದಕ್ಕೂ ಜಾಗವಿಲ್ಲ. ಅಲ್ಲಿ ಕೊಳೆಸುವುದೆಂದರೆ ನೊಣ, ಹುಳ, ವಾಸನೆ. ಮನೆಯ ಮಾಲೀಕರು ಮರುದಿನವೇ ಬಾಗಿಲು ತಟ್ಟುತ್ತಾರೆ.

ಮನೆ 9
ವಾಸನೆಗೆ ಕಾರಣ ಗೊತ್ತಾದರೆ ಭಯ ಹೋಗುತ್ತದೆ. ಗಾಳಿ ಸಿಕ್ಕರೆ ಒಂದು ಬಗೆಯ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ, ಆಗ ಬರುವುದು ಮಣ್ಣಿನ ವಾಸನೆ. ಗಾಳಿ ಸಿಗದೆ ನೀರು ನಿಂತರೆ ಬೇರೆಯವು ಬಂದು ಸೇರುತ್ತವೆ, ಆಗಲೇ ನಾತ. ಕಸದ ಗುಡ್ಡಗಳ ಒಳಗೆ ಮಿಥೇನ್ ಹುಟ್ಟುವುದೂ ಹೀಗೆಯೇ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ.

ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಕಸದಲ್ಲಿ ಸಾರಜನಕವೂ ನೀರೂ ಹೆಚ್ಚು, ತರಗೆಲೆಯಲ್ಲಿ ಇಂಗಾಲ ಹೆಚ್ಚು. ತಕ್ಕಡಿ ಹಿಡಿದು ಕೂರಬೇಕಾಗಿಲ್ಲ: ಒಂದು ಬಟ್ಟಲು ಸಿಪ್ಪೆಗೆ ಎರಡು ಮೂರು ಬಟ್ಟಲು ಪುಡಿ ಮಾಡಿದ ಒಣ ಎಲೆ. ಎಲೆ ಸಿಗದಿದ್ದರೆ ಹರಿದ ರಟ್ಟು. ಮೇಲಿನ ಪದರ ಯಾವಾಗಲೂ ಒಣ ಎಲೆಯದ್ದೇ ಆಗಿರಲಿ, ಸಿಪ್ಪೆ ಕಣ್ಣಿಗೆ ಕಾಣಲೇಬಾರದು. ಹಾಗಾದರೆ ಹಣ್ಣಿನ ನೊಣ ಬಹುಮಟ್ಟಿಗೆ ಸುಳಿಯುವುದಿಲ್ಲ. ಒಳಗಿನದನ್ನು ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಹದ ಸರಿಯಾಗಿದೆ. ಧಾರೆ ಇಳಿದರೆ ಎಲೆ ಹಾಕಿ ಕೆದಕಿ. ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಎಣ್ಣೆ, ಮಾಂಸ, ಮೂಳೆ ಬೇಡ, ಇಲಿ ಬರುತ್ತದೆ.

ಮಹಡಿಯವರು ಮನೆಯಲ್ಲಿ ಕೊಳೆಸಬೇಕಾಗಿಯೇ ಇಲ್ಲ. ಮುಚ್ಚಳದ ಡಬ್ಬಿಯಲ್ಲಿ ಕೆಳಗೊಂದು, ಮೇಲೊಂದು ಪದರ ಎಲೆ ಹಾಕಿ ಸಿಪ್ಪೆಯನ್ನು ಎರಡು ದಿನ ಇಟ್ಟುಕೊಳ್ಳಲಿ. ಉದ್ಯಾನದಲ್ಲಿ ಗೊಬ್ಬರಕ್ಕೆಂದು ಡ್ರಮ್ ಇಟ್ಟರೆ, ಅದಕ್ಕೆ ತಂದು ಸುರಿದರೆ ಸಾಕು.

ಮನೆ 17
ನಾನು ‘ಕರಗುವ ಪ್ಲಾಸ್ಟಿಕ್’ ಚೀಲಗಳನ್ನು ತಂದಿದ್ದೇನೆ. ಚೀಲದ ಸಮೇತ ಡ್ರಮ್ಮಿಗೆ ಹಾಕಬಹುದಲ್ಲವೇ?

ಮನೆ 9
ದಯವಿಟ್ಟು ಬೇಡ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಗೊಬ್ಬರ ಘಟಕಗಳ ಬಿಸಿಗೆಂದು ಮಾಡಿದವು. ಅಲ್ಲಿ ರಾಶಿ 55–60 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾರಗಟ್ಟಲೆ ಇರುತ್ತದೆ. ನಮ್ಮ ಡ್ರಮ್ ಅಷ್ಟು ಕಾಯುವುದಿಲ್ಲ. ಬಿಸಿ ಹಿಡಿದಿಡಲು ರಾಶಿ ಒಂದು ಘನ ಮೀಟರಿನಷ್ಟಾದರೂ ಇರಬೇಕು. ಆರು ತಿಂಗಳಾದ ಮೇಲೂ ಆ ಚೀಲಗಳ ಚಿಂದಿಯನ್ನು ಆರಿಸುತ್ತ ಕೂರಬೇಕಾಗುತ್ತದೆ.

ಮನೆ 31
ಮಕ್ಕಳೇ, ಗೊಬ್ಬರದ ಮಾತು ಸರಿ. ಆದರೆ ಚೀಲದಿಂದ ಹೊರಬಿದ್ದ ಆ ಸೀಲ್ ಒಡೆಯದ ಪೊಟ್ಟಣಗಳ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ನಿವೃತ್ತಿ ವೇತನದ ಮೇಲೆ ಬದುಕುವವನಿಗೆ ಕಸದ ಬುಟ್ಟಿ ಎಂದರೆ ಪರ್ಸಿನ ತೂತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ಶೇಕಡಾ 60 ಪೋಲಾದದ್ದು ಹೋಟೆಲಿನಲ್ಲೂ ಅಲ್ಲ, ಅಂಗಡಿಯಲ್ಲೂ ಅಲ್ಲ, ಮನೆಗಳಲ್ಲಿ.

ಪೊಟ್ಟಣದ ಮೇಲಿನ ತಾರೀಕನ್ನು ನೋಡಿ ಗಾಬರಿಯಿಂದ ಎಸೆಯುವುದು ಇದಕ್ಕೊಂದು ಕಾರಣ. ‘ಈ ದಿನಾಂಕದೊಳಗೆ ಉತ್ತಮ’ ಎಂದರೆ ರುಚಿ, ಗರಿಗರಿತನದ ಮಾತು. ಸರಿಯಾಗಿ ಇಟ್ಟಿದ್ದರೆ ಮರುದಿನವೇ ವಿಷವಾಗುವುದಿಲ್ಲ. ‘ಈ ದಿನಾಂಕದೊಳಗೆ ಬಳಸಿ’ ಎಂದಿದ್ದರೆ ಮಾತ್ರ ಅದು ಸುರಕ್ಷತೆಯ ಮಾತು, ಅಲ್ಲಿ ಧೈರ್ಯ ಮಾಡಬಾರದು. ನಾನು ಫ್ರಿಜ್ಜನ್ನು 4 ಡಿಗ್ರಿಯಲ್ಲಿಟ್ಟು, ಮೊದಲು ಮುಗಿಸಬೇಕಾದ್ದನ್ನೆಲ್ಲ ಮುಂದಿನ ಸಾಲಿನಲ್ಲಿ ಇಡುತ್ತೇನೆ. ಪೇಟೆಗೆ ಹೋಗುವ ಮೊದಲು ಅದರ ಬಾಗಿಲು ತೆರೆದು ನೋಡುತ್ತೇನೆ. ಇದಕ್ಕೆ ಯಂತ್ರವೂ ಬೇಡ, ಚಂದಾವೂ ಬೇಡ.

ಇನ್ನೊಂದು ವಿಷಯ. ಪರಿಸರದ ಹೆಸರಿನಲ್ಲಿ ಹೊಸ ಸಾಮಾನು ಕೊಳ್ಳುವ ಚಟಕ್ಕೆ ಬೀಳಬೇಡಿ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹವಾಮಾನದ ಲೆಕ್ಕವೊಂದರಲ್ಲೇ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಸಾಮಾನ್ಯ ಹತ್ತಿ ಚೀಲವನ್ನು 52 ಸಲ ಬಳಸಬೇಕು. ಎಲ್ಲ ಬಗೆಯ ಪರಿಣಾಮಗಳನ್ನೂ ಹಿಡಿದರೆ ಅದು ಸಾವಿರಗಳಿಗೆ ಏರುತ್ತದೆ. ಹತ್ತಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿರುವ ಹತ್ತು ಚೀಲ ಹರಿಯುವವರೆಗೆ ಹನ್ನೊಂದನೆಯದನ್ನು ಕೊಳ್ಳಬೇಡಿ. ಡಬ್ಬಿಗಳಿಗೂ ಇದೇ ಮಾತು. ಸರಿಹೊಂದುವ ಗಾಜಿನ ಡಬ್ಬಿಗಳ ಸಾಲು ಅಡುಗೆಮನೆಗೆ ಚೆಂದ, ಆದರೆ ಅದಕ್ಕಾಗಿ ಗಟ್ಟಿಮುಟ್ಟಾದ ಹಳೆಯ ಡಬ್ಬಿಗಳನ್ನು ಹೊರಗೆ ಹಾಕಿದರೆ ಅದೂ ಕಸವೇ.

ಮನೆ 8
ನಡುವೆ ಬಾಯಿ ಹಾಕುತ್ತಿದ್ದೇನೆ. ಹಳೆಯ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್‌ಗಳನ್ನು ಯಾವ ಚೀಲಕ್ಕೂ ಹಾಕಬೇಡಿ. ಲಿಥಿಯಂ ಬ್ಯಾಟರಿ ಲಾರಿಯಲ್ಲಿ ಜಜ್ಜಿ ಹೋದರೆ ಹೊತ್ತಿಕೊಳ್ಳುತ್ತದೆ. ತುದಿಗಳಿಗೆ ಟೇಪ್ ಅಂಟಿಸಿ ಇಟ್ಟುಕೊಳ್ಳಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಒಟ್ಟಿಗೆ ಒಯ್ಯುತ್ತೇನೆ.

ಮನೆ 26
ಮಗುವಿನ ಡೈಪರ್‌ಗಳನ್ನು ಏನು ಮಾಡಬೇಕು? ನಮ್ಮ ಮನೆಯ ಕಸದಲ್ಲಿ ಅದೇ ದೊಡ್ಡ ಪಾಲು.

ಮನೆ 9
ಡ್ರಮ್ಮಿಗೆ ಖಂಡಿತ ಬೇಡ, ಒಣ ಕಸಕ್ಕೂ ಬೇಡ. ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಲಾರಿಗೆ ಕೊಡಿ. ಹಗಲು ಹೊತ್ತು ಮನೆಯಲ್ಲಿರುವಾಗ ಮಾತ್ರ ಬಟ್ಟೆಯದು ಬಳಸಿದರೂ ಚೀಲ ಎಷ್ಟೋ ಹಗುರಾಗುತ್ತದೆ. ಬಟ್ಟೆ ಒಗೆಯುವ ಯಂತ್ರ ತುಂಬುವಷ್ಟು ಸೇರಿಸಿ ಒಗೆದು ಬಿಸಿಲಿಗೆ ಹಾಕಬೇಕು. ಡ್ರೈಯರ್‌ನಲ್ಲಿ ಒಣಗಿಸಿದರೆ ಉಳಿದದ್ದೆಲ್ಲ ವಿದ್ಯುತ್ತಿಗೆ ಹೋಗುತ್ತದೆ. ಅಮ್ಮಂದಿರ ಮೇಲೆ ಇನ್ನೊಂದು ಹೊರೆ ಹೇರಲು ಮಾತ್ರ ನನಗೆ ಮನಸ್ಸಿಲ್ಲ. ಒಗೆಯುವವರು ಯಾರು ಎಂದು ಮನೆಯಲ್ಲಿ ಮೊದಲು ತೀರ್ಮಾನವಾಗಲಿ.

ಮನೆ 5
ಎಲ್ಲರೂ ಬಲು ಉತ್ಸಾಹದಲ್ಲಿದ್ದೀರಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮೂರು ವಾರ ಎಲ್ಲರೂ ಬರುತ್ತಾರೆ, ಆಮೇಲೆ ಡ್ರಮ್ ನಾರುತ್ತದೆ, ಉದ್ಯಾನದ ಪಕ್ಕದ ಮನೆ ನನ್ನದು.

ಮನೆ 14
ನಿಮ್ಮ ಆತಂಕ ನ್ಯಾಯವಾದದ್ದು. ಹಾಗಾಗಿ ಎಲ್ಲರೂ ಒಟ್ಟಿಗೆ ಶುರು ಮಾಡುವುದು ಬೇಡ. ಮೊದಲು ಬರಲು ಒಪ್ಪಿದ ಎಂಟು ಮನೆಗಳು ಸಾಕು. ಎರಡು ಡ್ರಮ್ ಇರಲಿ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಮಾಗಲು ಬಿಟ್ಟು ಎರಡನೆಯದಕ್ಕೆ ಹೋಗೋಣ. ಮೊದಲನೆಯದು ಗೊಬ್ಬರವಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು. ಡ್ರಮ್ಮಿನ ತಳದಲ್ಲೂ ಸುತ್ತಲೂ ತೂತು, ತೂತಿಗೆ ಸಣ್ಣ ಕಣ್ಣಿನ ಜಾಲರಿ, ಪಕ್ಕದಲ್ಲಿ ಯಾವಾಗಲೂ ಒಂದು ಗೋಣಿ ತರಗೆಲೆ. ಎಲೆಯ ಗೋಣಿ ಖಾಲಿಯಾದ ದಿನ ಯಾರೂ ಹಸಿ ಕಸ ಸುರಿಯುವಂತಿಲ್ಲ, ಇದೊಂದು ನಿಯಮ ಸಡಿಲವಾಗಬಾರದು. ಕೆದಕುವ ಸರದಿ ವಾರಕ್ಕೊಂದು ಮನೆಯದು. ನಾತ ಬಂದರೆ ನೀವು ಈ ಗುಂಪಿನಲ್ಲಿ ಬರೆಯುವುದೂ ಬೇಡ, ನೇರವಾಗಿ ನನ್ನ ಬಾಗಿಲು ಬಡಿಯಿರಿ.

ಒಪ್ಪಿದವರು ಮನೆ ಸಂಖ್ಯೆ ಹಾಕಿ. ತರಗೆಲೆ ಸುಡುವುದು ಇವತ್ತಿನಿಂದಲೇ ನಿಲ್ಲಲಿ.

ಮನೆ 31
31.

ಮನೆ 22
22. ಡಬ್ಬಿ ತರುತ್ತೇನೆ, ಕೆದಕುವ ಸರದಿಯೂ ಇರಲಿ. ಮಾಲೀಕರಿಗೆ ಮಾತ್ರ ನೀವೇ ಹೇಳಿ.

ಮನೆ 17
17. ಆ ಚೀಲಗಳನ್ನು ಅಂಗಡಿಗೆ ವಾಪಸು ಕೊಡುತ್ತಿದ್ದೇನೆ.

ಮನೆ 3
ನನಗೆ ಯಂತ್ರದ ಮೇಲೆ ಇನ್ನೂ ನಂಬಿಕೆ ಇದೆ. ಆದರೂ 3 ಎಂದು ಬರೆದುಕೊಳ್ಳಿ, ಮೂರು ತಿಂಗಳ ಮೇಲೆ ಮತ್ತೆ ಈ ಮಾತು ಎತ್ತುತ್ತೇನೆ.

ಮನೆ 5
ಸರದಿಗೆ ನನ್ನನ್ನು ಸೇರಿಸಬೇಡಿ. ನಮ್ಮ ಮಹಡಿಯ ಮೇಲೆ ನೀಲಿ ಡ್ರಮ್ ಒಂದು ಸುಮ್ಮನೆ ಬಿದ್ದಿದೆ, ಬೇಕಿದ್ದರೆ ಒಯ್ಯಿರಿ.

ಮನೆ 9
ಅದರಲ್ಲಿ ಮೊದಲು ಏನಿತ್ತು? ರಾಸಾಯನಿಕ ತುಂಬಿದ್ದ ಡ್ರಮ್ ಆದರೆ ಬೇಡ.

ಮನೆ 5
ನೀರು.

ಮನೆ 9
ಹಾಗಾದರೆ ಭಾನುವಾರ ಬೆಳಿಗ್ಗೆ ಡ್ರಿಲ್ ಹಿಡಿದು ಬರುತ್ತೇನೆ. ಏಣಿ ನಿಮ್ಮಲ್ಲಿದೆಯೇ, ಇಲ್ಲ ನಾನೇ ತರಲೇ?